ಸಂಜೆಯ ಕೂಲಿ

"ದರ್ಭೆ ಕೊಡಿ ತಾಯಿ." ಪುರೋಹಿತ ಬದರೀನಾರಾಯಣ ಮತ್ತೆ ಕೈ ಚಾಚಿದರು.

ನಂಜಮ್ಮ ಮುಷ್ಟಿ ಸಡಿಲಿಸಲಿಲ್ಲ. ಕಾಶಿಯ ಮಣಿಕರ್ಣಿಕಾ ಘಾಟಿನಲ್ಲಿ, ಸೌದೆಯ ಮೇಲೆ ಅವಳ ಗಂಡ ಗುಂಡಪ್ಪನ ಹೆಣವಿತ್ತು. ಮಕ್ಕಳಿಲ್ಲ. ಹೆಂಡತಿ ದರ್ಭೆ ಕೊಟ್ಟು ಒಪ್ಪಿಸಿದರೆ ಪುರೋಹಿತರು ಅವಳ ಪರವಾಗಿ ಕೊಳ್ಳಿ ಇಡುತ್ತಾರೆ.

"ಮಹಾರಾಜ್, ಜಲ್ದೀ!" ಚಿತೆ ಒಟ್ಟಿದವನು ಕೂಗಿದ.

"ಹಿಂದೆ ಇನ್ನೂ ಹೆಣಗಳು ಕಾಯ್ತಿವೆ ತಾಯಿ. ಇದೇನು ಲಂಕಾ ಬಡಾವಣೆಗೆ ಹೋಗೋ ಟೆಂಪೋನಾ, ಹೋದ್ರೆ ಮುಂದಿನದಕ್ಕೆ ಹತ್ತೋಣ ಅನ್ನೋಕೆ?"

"ಕಾಯ್ಲಿ. ನಾನು ಕಾದಿಲ್ವಾ?"

ಗಂಡ ಬೇರೊಬ್ಬಳ ಜೊತೆ ಹೋದ ಮೇಲೆ, ಮುಕ್ತಿ ಸಿಗಲಿ ಎಂದು ಇಲ್ಲೇ ಸಾಯುವ ವ್ರತ ಹಿಡಿದು ಬಂದವಳು ನಂಜಮ್ಮ. ಆಚೆ ದಡದಲ್ಲಿ ಸತ್ತರೆ ಮುಕ್ತಿಯಿಲ್ಲವೆಂದು ಇಪ್ಪತ್ತು ವರ್ಷ ಗಂಗೆ ದಾಟಿರಲಿಲ್ಲ. ತಾಯಿ ತೀರಿಕೊಂಡಾಗಲೂ ಊರಿಗೆ ಹೋಗಲಿಲ್ಲ. ಗುಂಡಪ್ಪ ಸೋಮವಾರ ಬಂದ, ಗುರುವಾರ ಸತ್ತ.

* * *

2004ರ ಮೇ ತಿಂಗಳ ಆ ಸೋಮವಾರ, ನಂಜಮ್ಮನ ಬಿ.ಪಿ. ನೋಡಲು ಅವಳಿದ್ದ ಕೇದಾರ ಘಾಟಿನ ಓಣಿಗೆ ಬಂದ ಪ್ರಮೀಳಾ ಅವನನ್ನು ಮೊದಲು ಕಂಡಳು. ಅವಳು ಹಾಸನದ ಕಡೆಯ ಕ್ರೈಸ್ತಳು, ಇಲ್ಲಿ ಆಸ್ಪತ್ರೆಯಲ್ಲಿ ನರ್ಸು. ಹಳದಿಗಟ್ಟಿದ ಕಣ್ಣಿನ ಮುದುಕ ಚೀಲ ಹಿಡಿದು ಎದುರು ಗೋಡೆಗೆ ಒರಗಿದ್ದ.

"ಯಾರನ್ನ ಹುಡುಕ್ತಿದೀರಿ?"

"ಹುಡುಕ್ತಿಲ್ಲಮ್ಮ. ಕರೀತಾಳೇನೋ ಅಂತ ಬೆಳಿಗ್ಗೆಯಿಂದ ನಿಂತಿದೀನಿ."

ತಿಪಟೂರಿನ ಟಾಕೀಸಿನಲ್ಲಿ ಟಿಕೆಟ್ ಹರಿದು, ತಡವಾಗಿ ಬಂದವರಿಗೆ ಟಾರ್ಚ್ ಹಿಡಿದು ಸೀಟು ತೋರಿಸುವುದು ಅವನ ಕೆಲಸವಾಗಿತ್ತು. ಟಾಕೀಸು ಮುಚ್ಚಿತು, ಅವನ ಜೊತೆಗಿದ್ದ ಆ ಹೆಂಗಸೂ ಸತ್ತಳು. ಆಮೇಲೆ ಯಾರ ಮನೆಯಲ್ಲೂ ಅವನನ್ನು ಇಟ್ಟುಕೊಳ್ಳಲಿಲ್ಲ.

ನಂಜಮ್ಮ ಕರೆಯಲಿಲ್ಲ. ಪ್ರಮೀಳಾ ಒಳಗೆ ಕರೆತಂದಾಗ ತಡೆಯಲೂ ಇಲ್ಲ, ಚಾಪೆ ಕೊಟ್ಟಳು.

"ಇಲ್ಲಿ ಸತ್ರೆ ನನಗೂ ಮುಕ್ತಿ ಸಿಗುತ್ತಂತಲ್ಲ, ನಂಜಾ?" ಎಂದು ಬುಧವಾರ ಕೇಳಿದ. ಅವಳು ಗೋಡೆ ಕಡೆಗೆ ತಿರುಗಿ ಅಕ್ಕಿ ಆರಿಸಿದಳು.

* * *

"ಅವನಿಗೂ ಅದೇ, ನನಗೂ ಅದೇ. ಇದ್ಯಾವ ನ್ಯಾಯ ಪ್ರಮೀಳಾ?"

ನೈಟ್ ಡ್ಯೂಟಿ ಮುಗಿಸಿ ನೇರ ಬಂದಿದ್ದ ಪ್ರಮೀಳಾ ಮಣಿಕರ್ಣಿಕೆಯ ಮೆಟ್ಟಿಲ ಮೇಲೆ ನಂಜಮ್ಮನ ಪಕ್ಕದಲ್ಲೇ ಕೂತಳು. "ನಮ್ಮ ಯೇಸುಸ್ವಾಮಿ ಒಂದು ಕತೆ ಹೇಳ್ತಾನೆ. ದ್ರಾಕ್ಷಿ ತೋಟ. ಬೆಳಿಗ್ಗೆಯಿಂದ ದುಡಿದವರಿಗೂ ಸಂಜೆ ಬಂದವರಿಗೂ ಯಜಮಾನ ಒಂದೇ ಕೂಲಿ ಕೊಟ್ಟ."

"ಜಗಳ ಆಡ್ಲಿಲ್ವಾ ಬೆಳಗಿನವರು?"

"ಆಡಿದ್ರು. 'ಮಾತಾಡ್ಕೊಂಡಷ್ಟು ನಿನಗೆ ಕೊಟ್ಟಿದೀನಿ. ನಾನು ಧಾರಾಳ ಮಾಡಿದ್ರೆ ನಿನಗ್ಯಾಕೆ ಹೊಟ್ಟೆಕಿಚ್ಚು' ಅಂದ."

"ಹಾಗಂದವನು ಬಿಸಿಲಲ್ಲಿ ಬಗ್ಗಿದ್ನಾ?"

ಪ್ರಮೀಳಾ ನಕ್ಕಳು. "ನಾನೂ ಅದನ್ನೇ ಕೇಳ್ತೀನಿ. ಡ್ಯೂಟಿ ಮಾಡಿ ಮಾಡಿ ಸೊಂಟ ಹೋಯ್ತು, ಇವತ್ತಿಗೂ ಆ ಕತೆ ನನಗೆ ಪೂರ್ತಿ ಒಗ್ಗಿಲ್ಲ." ಸೊಂಟಕ್ಕೆ ಕೈಕೊಟ್ಟು ಮೇಲಿನ ಮೆಟ್ಟಿಲಿಗೆ ಒರಗಿದಳು. "ಆದ್ರೆ ಸಂಜೆ ಬಂದವರೇನು ನೆರಳಲ್ಲಿ ಮಲಗಿರ್ಲಿಲ್ಲ. ಯಾರೂ ಕರೀಲಿಲ್ಲ ಅಂತ ದಿನವೆಲ್ಲ ಬೀದೀಲೇ ನಿಂತಿದ್ರು. ಬಿಸಿಲು ಅವರ ಮೇಲೂ ಬಿತ್ತು."

ನಂಜಮ್ಮ ಹೊಗೆಗೆ ಕಣ್ಣೊರೆಸಿಕೊಂಡಳು. ಆಮೇಲೆ ದರ್ಭೆ ಹಿಡಿದ ಕೈ ಚಾಚಿದಳು.

"ತಗೊಳ್ಳಿ ಭಟ್ರೇ. ಹಿಡಿದು ಹಿಡಿದು ಕೈ ನೋಯ್ತಿದೆ."

ಚಿತೆ ಹೊತ್ತಿಕೊಂಡಿತು. ಅಷ್ಟರಲ್ಲಿ ಗಲ್ಲಿಯಿಂದ ಇನ್ನೊಂದು ಹೆಣ ಬಂತು. ಇಳಿಸಲು ಜಾಗವಿರಲಿಲ್ಲ. "ಮಾತಾಜೀ, ಥೋಡಾ ಖಿಸಕಿಯೇ," ಎಂದ ಹೊತ್ತವನು. ಬೀದಿಯಲ್ಲಿ ಜನರ ಸೆರಗು ತಾಗಿದರೂ ಮತ್ತೆ ಸ್ನಾನ ಮಾಡುತ್ತಿದ್ದ ನಂಜಮ್ಮ ಪಕ್ಕಕ್ಕೆ ಸರಿದು, ಮೆಟ್ಟಿಲಲ್ಲಿ ಜಾಗ ಬಿಟ್ಟಳು. ಚಟ್ಟದ ಬಿದಿರು ಅವಳ ಮಂಡಿಗೆ ಒತ್ತಿ ನಿಂತಿತು. ಅವಳು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.