ಅರಗಮ್ಮನ ಎಡಗೆನ್ನೆ

ಪರದೆಯ ಮೇಲೆ ಅರಗಮ್ಮ ಮೊದಲ ಸಲ ಇತ್ತ ಮುಖ ತಿರುಗಿಸಿದಾಗ ಮುಂದಿನ ಸಾಲಿನಲ್ಲಿ ಒಂದು ಮಗು ಕಿಟಾರನೆ ಕಿರುಚಿತು. ಅದರ ಹಿಂದೆಯೇ ಥಿಯೇಟರಿನ ತುಂಬ ನಗು ಎದ್ದಿತು. ಹೆದರಿದವರು ಹೆದರಿಕೆಯನ್ನು ಮುಚ್ಚಿಕೊಳ್ಳಲು ನಗುವಂಥ ನಗು. ಹಿಂದಿನ ಸಾಲಿನ ಮೂಲೆಯಲ್ಲಿ ಕೂತಿದ್ದ ಮುನವ್ವರಾ ನಗಲಿಲ್ಲ. ಅವಳು ಆ ಗಾಯವನ್ನು ಗುರುತು ಹಿಡಿಯುತ್ತಿದ್ದಳು. ಎಡಗಣ್ಣಿನ ಕೆಳಗೆ ಚರ್ಮ ಎಳೆದು ಬಿಗಿದುಕೊಂಡ ಜಾಗ, ಕೆನ್ನೆಯ ನಡುವಿನ ಹೊಳೆಯುವ ನುಣುಪು, ತುಟಿಯ ಅಂಚು ಮೇಲಕ್ಕೆ ಅಂಟಿಕೊಂಡ ರೀತಿ. ಒಂದೂ ತಪ್ಪಿರಲಿಲ್ಲ. ಅದು ಅವಳದೇ ಕೆನ್ನೆ. ಹಳದಿ ಹಲ್ಲು, ಜೊಲ್ಲು, ಕೆಂಡದಂಥ ಕಣ್ಣು ಮಾತ್ರ ಸಿನಿಮಾದವರು ಸೇರಿಸಿದ್ದು.

ಪರದೆಯ ಮೇಲಿನ ಅರಗಮ್ಮ ಅಳುವ ಹುಡುಗನನ್ನು ಮರ ಕಡೆಯುವ ಲೇತಿಗೆ ಸಿಕ್ಕಿಸಿ, ಅವನನ್ನು ಗೊಂಬೆಯಾಗಿ ಕಡೆಯಲು ಉಳಿ ಎತ್ತಿದಳು.

ಪುಸ್ತಕದಲ್ಲಿ ಹೀಗಿರಲಿಲ್ಲ. ಕೆಮಿಸ್ಟ್ರಿ ಲೆಕ್ಚರರ್ ಆಗಿ ನಿವೃತ್ತರಾದ ಅನಂತರಾಜು ಬರೆದ ‘ಏಳು ಬಣ್ಣದ ಬೆಟ್ಟ’ವನ್ನು ಚನ್ನಪಟ್ಟಣದಲ್ಲಿ ಓದದ ಮಕ್ಕಳೇ ಇರಲಿಲ್ಲ. ಬಂಡೆ ಬೆಟ್ಟಗಳ ನಡುವೆ ದಾರಿ ತಪ್ಪಿದ ಮಕ್ಕಳಿಗೆ ಅರಗಮ್ಮ ಎಂಬ ಹೆಂಗಸು ಒಂದೊಂದು ಗೊಂಬೆ ಕಡೆದುಕೊಡುತ್ತಾಳೆ. ಗೊಂಬೆಗಳಿಗೆ ಮನೆಯ ದಾರಿ ಗೊತ್ತಿರುತ್ತದೆ. ಮಕ್ಕಳೆಲ್ಲ ಮನೆ ಸೇರಿದ ಮೇಲೂ, ಇನ್ನೊಬ್ಬರು ಯಾರಾದರೂ ಉಳಿದಿದ್ದರೆ ಎಂದು ಅವಳು ಬಾಗಿಲು ತೆರೆದಿಟ್ಟುಕೊಂಡು ಕೂತಿರುವಲ್ಲಿಗೆ ಕಥೆ ಮುಗಿಯುತ್ತದೆ. ಅವಳ ಮುಖದ ಬಗ್ಗೆ ಇಡೀ ಪುಸ್ತಕದಲ್ಲಿ ಇದ್ದದ್ದು ಒಂದೇ ಮಾತು: ‘ಅವಳ ಮುಖದ ಒಂದು ಕಡೆ ಹಗಲಿತ್ತು, ಇನ್ನೊಂದು ಕಡೆ ರಾತ್ರಿಯಿತ್ತು, ಮಕ್ಕಳು ಎರಡು ಕಡೆಗೂ ಒರಗಿ ನಿದ್ದೆ ಹೋದರು.’

ಮುನವ್ವರಾಳ ಮಗಳು ಜಾರಾ ಏಳನೇ ಕ್ಲಾಸಿನಲ್ಲಿದ್ದಾಗ ಆ ಪುಸ್ತಕವನ್ನು ತಂದು, ತಾಯಿ ಗೊಂಬೆ ಕಡೆಯುತ್ತಿದ್ದ ಲೇತಿನ ಸದ್ದನ್ನು ಮೀರಿಸುವ ಗಂಟಲಲ್ಲಿ ಓದುತ್ತ, ಆ ಮಾತಿನ ಹತ್ತಿರ ನಿಂತುಬಿಟ್ಟಿದ್ದಳು. “ಅಮ್ಮಿ, ಇದು ನೀನೇ!”

ಅದು ಅವಳೇ. ಬಣ್ಣ ಬೆರೆಸಲು ಒಲೆಯ ಮೇಲೆ ಕಾಯಿಸುತ್ತಿದ್ದ ಅರಗು ಹಾರಿ ಮುಖ ಸುಟ್ಟ ಮೇಲೆ ಮುನವ್ವರಾ ತನ್ನ ಲೇತನ್ನು ಗೋಡೆಯ ಕಡೆಗೆ ತಿರುಗಿಸಿ ಹಾಕಿಸಿಕೊಂಡಿದ್ದಳು. ಬೀದಿಗೆ ಕಾಣುತ್ತಿದ್ದದ್ದು ಅವಳ ಬೆನ್ನು. ಅನಂತರಾಜು ಸಂಜೆ ವಾಕಿಂಗ್ ಮುಗಿಸಿ ಬಂದು ಜಗುಲಿಯ ಮೇಲೆ ಕೂತು, ತಿರುಗುವ ಮರಕ್ಕೆ ಒತ್ತಿದ ಅರಗಿನ ಕಡ್ಡಿ ಅದರ ಬಿಸಿಗೇ ಕರಗಿ ಬಣ್ಣವಾಗುವುದನ್ನು ನೋಡುತ್ತಿದ್ದರು. ಪುಸ್ತಕ ಬಂದ ವಾರವೇ ಜಾರಾ ಹಟ ಹಿಡಿದು, ಬೋಲ್ಟು ಬಿಚ್ಚಿಸಿ, ಲೇತನ್ನು ಬಾಗಿಲಿನ ಕಡೆಗೆ ತಿರುಗಿಸಿದಳು. ಆಮೇಲೆ ಮಾಗಡಿಯಿಂದ, ಕನಕಪುರದಿಂದ ಸ್ಕೂಲ್ ವ್ಯಾನುಗಳು ಬರತೊಡಗಿದವು. ಮಕ್ಕಳು ಹೊಸ್ತಿಲಲ್ಲಿ ನಿಂತು “ಅರಗಮ್ಮಾ” ಎಂದು ಕೂಗುತ್ತಿದ್ದರು. ಅವಳು ತಲೆ ಎತ್ತಿ, ಒಂದೊಂದು ಬುಗುರಿ ಕೊಡುತ್ತಿದ್ದಳು. ಯಾವ ಮಗುವೂ ಕಣ್ಣು ತಪ್ಪಿಸಿರಲಿಲ್ಲ.

ಹೋದ ವರ್ಷ ಅನಂತರಾಜುವೇ ಸಿನಿಮಾದವರನ್ನು ಕರೆದುಕೊಂಡು ಬಂದಿದ್ದರು. ಮೇಕಪ್ಪಿನ ಹುಡುಗರು ಅವಳ ಮೂಗಿಗೆ ಎರಡು ಕೊಳವೆ ಸಿಕ್ಕಿಸಿ, ಮುಖದ ತುಂಬ ತಣ್ಣನೆಯ ಗಾರೆ ಮೆತ್ತಿ, ಅಚ್ಚು ತೆಗೆದುಕೊಂಡಿದ್ದರು. ಅವಳು ಒಂದಿಷ್ಟೂ ಅಲುಗದೆ ಕೂತಿದ್ದಳು. ಅವಳ ಕಸುಬಿನಲ್ಲಿ ಸ್ಯಾಂಪಲ್ ಎಂದರೆ ಆಣೆಯಿದ್ದ ಹಾಗೆ. ವ್ಯಾಪಾರಿ ಒಂದು ಮರದ ಕುದುರೆ ಕೊಟ್ಟು ಹೋದರೆ ಅಂಥದೇ ಕುದುರೆ ವಾಪಸು ಬರಬೇಕು, ಕತ್ತೆಯಲ್ಲ. ಹಾಗಾಗಿ ಅವಳು ಏನೂ ಕೇಳಲಿಲ್ಲ. ಜಾರಾ ಬೇಡವೆಂದಾಗ, “ಸ್ಯಾಂಪಲ್ ತಕ್ಕೊಂಡೋರು ಸ್ಯಾಂಪಲ್‌ನಂಗೇ ಮಾಡ್ತಾರೆ ಬೇಟಾ” ಎಂದು ನಕ್ಕಿದ್ದಳು.

ಇಂಟರ್ವಲ್‌ನ ದೀಪ ಹತ್ತಿತು. ಹೊರಗೆ ಪಾಪ್‌ಕಾರ್ನ್ ಅಂಗಡಿಯ ಪಕ್ಕ ಅನಂತರಾಜು ಹೆಗಲ ಮೇಲೆ ಶಾಲು ಹೊದ್ದು ನಿಂತಿದ್ದರು. ಸಿನಿಮಾ ಶುರುವಾಗುವ ಮೊದಲು ಅದನ್ನು ವೇದಿಕೆಯ ಮೇಲೆ ಹೊದಿಸಿದ್ದರು. ಮುನವ್ವರಾ ನೇರ ಅವರ ಮುಂದೆ ಹೋಗಿ ನಿಂತಳು.

“ಸಾರ್, ಇದು ನೀವು ಬರ್ದಿದ್ದಾ?”

“ಬಾಮ್ಮ, ಬಾ. ಕಾಫಿ ಕುಡೀತೀಯಾ?”

“ನೀವು ಮೊದ್ಲೇ ನೋಡಿದ್ರಾ?”

ಅನಂತರಾಜು ಶಾಲನ್ನು ಸರಿಪಡಿಸಿಕೊಂಡರು. “ಬೆಂಗಳೂರಲ್ಲಿ ಒಂದ್ಸಲ ತೋರಿಸಿದ್ರು. ನೋಡಮ್ಮ, ಸಿನಿಮಾ ಬೇರೆ, ಪುಸ್ತಕ ಬೇರೆ. ಪುಸ್ತಕದಲ್ಲಿ ನಾನು ಹಗಲು ರಾತ್ರಿ ಅಂತ ಬರೆದ್ರೆ ಓದೋನು ತನಗೆ ಬೇಕಾದ ಮುಖ ತಾನೇ ಮಾಡ್ಕೊಳ್ತಾನೆ. ಕ್ಯಾಮೆರಾಗೆ ಅದಾಗಲ್ಲ. ಅದಕ್ಕೆ ಒಂದು ಮುಖ ಅಂತ ಬೇಕು.”

“ಬೇಕಿದ್ರೆ ಒಳ್ಳೆ ಮುಖ ಇಟ್ಕೊಬಹುದಿತ್ತು. ಇಲ್ಲಾಂದ್ರೆ ನನ್ನ ಮುಖ ಇಟ್ಕೊಂಡು ಒಳ್ಳೆಯೋಳ್ನ ಮಾಡಬಹುದಿತ್ತು.”

“ಹಾಗೆ ಮಾಡಿದ್ರೆ ಜನ ನಂಬಲ್ಲಮ್ಮ.” ಅವರು ಅದನ್ನು ತರಗತಿಯಲ್ಲಿ ಸೂತ್ರ ಹೇಳುವ ದನಿಯಲ್ಲೇ ಹೇಳಿದರು. ಅಷ್ಟರಲ್ಲಿ ಯಾರೋ ಸೆಲ್ಫಿಗೆ ಕರೆದರು. ಅವರು ಅತ್ತ ತಿರುಗಿ ಮುಗುಳ್ನಕ್ಕರು.

ಜಾರಾ ಈಗ ಸೆಕೆಂಡ್ ಪಿಯುಸಿ. ಅವಳು, ಅವಳ ಮನೆಯನ್ನು ಇನ್ನೂ ನೋಡಿರದ ಕಾಲೇಜಿನ ಗೆಳತಿಯರ ಜೊತೆ ಮುಂದೆ ಕೂತಿದ್ದಳು. ವಾರದಿಂದ ಅವರಿಗೆಲ್ಲ ‘ನಿಮಗೊಂದು ಸರ್‌ಪ್ರೈಸ್ ಇದೆ’ ಎನ್ನುತ್ತಿದ್ದವಳು ಅವಳೇ. ಈಗ ಅವರು ಕೋನ್ ಐಸ್‌ಕ್ರೀಮ್ ಹಿಡಿದು ಮೆಟ್ಟಿಲ ಹತ್ತಿರ ನಿಂತಿದ್ದರು. ಮುನವ್ವರಾ ಅತ್ತ ಎರಡು ಹೆಜ್ಜೆ ಇಟ್ಟಳು.

“ಲೇ, ಅಲ್ನೋಡೇ!” ರಮ್ಯಾ ಎಂಬ ಹುಡುಗಿ ಜಾರಾಳ ತೋಳು ಚಿವುಟಿದಳು. “ಅರಗಮ್ಮ ಪರದೆಯಿಂದ ಇಳ್ದು ಬಂದ್ಬುಟ್ಟವ್ಳೆ! ಸೇಮ್ ಟು ಸೇಮ್! ಯಾರೇ ಅವ್ರು? ಇತ್ಲಾಗೇ ಬತ್ತಾವ್ರೆ.”

ಜಾರಾ ನೋಡಿದಳು. ತಾಯಿ ಮಗಳ ಕಣ್ಣುಗಳು ಕೂಡಿದವು.

“ಗೊತ್ತಿಲ್ಲ ಕಣೇ,” ಎಂದಳು ಜಾರಾ. ಆಮೇಲೆ, ಅದು ಸಾಲದು ಎನ್ನಿಸಿತೇನೋ, “ನಮ್ ಬೀದಿಯೋರು ಇರ್ಬೇಕು” ಎಂದು ಸೇರಿಸಿದಳು. ಗೆಳತಿಯರು ನಕ್ಕರು. ಅವಳೂ ನಕ್ಕಳು.

ಬೆಲ್ ಆಯಿತು. ಎಲ್ಲರೂ ಒಳಗೆ ಹೋದರು. ಮುನವ್ವರಾ ಗೇಟು ದಾಟಿ ಮನೆಯ ಕಡೆ ನಡೆದಳು.

ಆ ದಿನದ ಬಗ್ಗೆ ಮನೆಯಲ್ಲಿ ಮಾತು ಬರಲಿಲ್ಲ. ಜಾರಾ ಸಾರಿಗೆ ಉಪ್ಪು ಹೆಚ್ಚಾಯಿತು ಎನ್ನುವಳು, ಮುನವ್ವರಾ ಮುಸುರೆ ತೊಳೆ ಎನ್ನುವಳು. ಬೀದಿಯಲ್ಲಿ ಮಾತ್ರ ಬದಲಾವಣೆ ಕಾಣಿಸಿತು. ಊಟ ಮಾಡದ ಮಕ್ಕಳನ್ನು ಹೆದರಿಸಲು ಈಗ ಗುಮ್ಮನ ಹೆಸರು ಬೇಕಾಗಿರಲಿಲ್ಲ. ಬುಗುರಿ ಕೇಳಲು ಬರುತ್ತಿದ್ದ ಎದುರು ಮನೆಯ ಮಗು ಈಗ ಅವಳನ್ನು ಕಂಡರೆ ಗೋಡೆಗೆ ಒತ್ತಿಕೊಂಡು ಓಡಿಹೋಗುತ್ತಿತ್ತು. ದೊಡ್ಡ ಹುಡುಗರು ಬಾಗಿಲಿಗೆ ಬಂದು, ಮೊಬೈಲ್ ಎತ್ತಿ, “ಅರಗಮ್ಮ, ಒಸಿ ಹಲ್ಲು ಕಿರಿ!” ಎನ್ನುತ್ತಿದ್ದರು.

ಎರಡು ವಾರದ ಮೇಲೆ ವ್ಯಾಪಾರಿ ದೇವರಾಜು ಸ್ಕೂಟರಿನಲ್ಲಿ ಬಂದ. ಊರನ್ನು ಬಳಸಿ ಹೋಗುವ ಹೊಸ ಹೈವೇ ಆದ ಮೇಲೆ ಅವನ ಬೊಂಬೆ ಅಂಗಡಿಯ ಮುಂದೆ ಕಾರು ನಿಲ್ಲುವುದೇ ಅಪರೂಪವಾಗಿತ್ತು. ಇವತ್ತು ಅವನ ಮುಖದಲ್ಲಿ ಬಹಳ ದಿನದ ಮೇಲೆ ಕಳೆಯಿತ್ತು. ಚೀಲದಿಂದ ಒಂದು ಪ್ಲಾಸ್ಟಿಕ್ ಗೊಂಬೆ ತೆಗೆದು ಲೇತಿನ ಹಲಗೆಯ ಮೇಲೆ ನಿಲ್ಲಿಸಿದ. ಸಿನಿಮಾದ ಅರಗಮ್ಮ.

“ಇದ್ನ ಮರದಾಗೆ ಕೇಳ್ತಾವ್ರೆ ಕಣವ್ವ. ದಿನಾ ಫೋನು. ಎಷ್ಟ್ ಮಾಡಿದ್ರೂ ತಕ್ಕೊಂಡೋಯ್ತೀನಿ.”

“ಬ್ಯಾರೆಯೋರ ಕೈಲಿ ಮಾಡ್ಸಿ ದೇವರಾಜಣ್ಣ.”

“ಮಾಡ್ಸಿದೆ. ಆ ಮಖ ಬರಾಕಿಲ್ಲ. ನೀನಾದ್ರೆ...” ಅವನು ಅಲ್ಲಿಗೆ ನಿಲ್ಲಿಸಿ, ಬೇರೆ ದಾರಿ ಹಿಡಿದ. “ನಿನ್ನ ಕೈಗುಣ ಬ್ಯಾರೆ ಅಂದೆ. ಪಿಚ್ಚರ್ ನೋಡಿದ್ಯಲ್ಲ? ಕೊನೇಲಿ ಆ ಹುಡ್ಗ್ರೆಲ್ಲ ಸೇರ್ಕಂಡು ಅವಳ್ನ ಕುದಿಯೋ ಅರಗಿನ ಹಂಡೆಗೆ ತಳ್ತವಲ್ಲ, ಏನ್ ಶಿಳ್ಳೆ ಅಂತೀಯಾ! ನಾನೇ ಎದ್ದು ನಿಂತ್ಬುಟ್ಟೆ.”

“ಹಂಡೆಗಾ?”

“ಹೂಂ ಕಣವ್ವ. ನೋಡ್ನಿಲ್ವಾ?”

“ಅರ್ಧಕ್ಕೇ ಬಂದ್ಬುಟ್ಟೆ.”

“ಅಯ್ಯೋ, ಅಸಲು ಮಜಾ ಬುಟ್ಬುಟ್ಟು ಬಂದಿದ್ಯಲ್ಲವ್ವ!” ಎಂದು ದೇವರಾಜು ನಿಜಕ್ಕೂ ಮರುಗಿದ. ಅವನು ಹೋದ ಮೇಲೂ ಪ್ಲಾಸ್ಟಿಕ್ ಗೊಂಬೆ ಹಲಗೆಯ ಮೇಲೆ ನಿಂತೇ ಇತ್ತು.

ಮುನವ್ವರಾ ಗೊಂಬೆಗೆಂದು ಒಣಗಿಸಿಟ್ಟಿದ್ದ ಆಲೆಮರದ ತುಂಡುಗಳನ್ನು ಆರಿಸಿಕೊಂಡಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಕಡೆದಳು. ಅರಗು ಹಚ್ಚಿ, ತಾಳೆಗರಿ ಹಿಡಿದು ಹೊಳಪು ಕೊಟ್ಟಳು. ಸೀರೆ, ಕೂದಲು, ಹಲ್ಲು, ಎಲ್ಲ ಸ್ಯಾಂಪಲ್ಲಿನ ಹಾಗೇ ಬಂದವು. ಕೆನ್ನೆ ಮಾತ್ರ ಬರಲಿಲ್ಲ. ಲೇತು ತಿರುಗಿಸಿದ ಮರ ಸುತ್ತಲೂ ಒಂದೇ ಸಮ ಬರುತ್ತದೆ. ಎಡಕ್ಕೊಂದು ಬಲಕ್ಕೊಂದು ಮಾಡುವುದು ಅದಕ್ಕೆ ಗೊತ್ತಿಲ್ಲ. ಹಲಗೆಯ ಉದ್ದಕ್ಕೂ ಸಾಲಾಗಿ ನಿಂತ ಅರಗಮ್ಮಂದಿರ ಮುಖಗಳು ಎರಡು ಕಡೆಯೂ ನುಣ್ಣಗೆ, ದುಂಡಗೆ, ಹೊಸದಾಗಿದ್ದವು.

ಅವಳು ಒಲೆ ಹಚ್ಚಿ ಕೆಂಡದಲ್ಲಿ ಒಂದು ಕಬ್ಬಿಣದ ಸರಳು ಇಟ್ಟಳು.

ಜಾರಾ ಕಾಲೇಜಿನಿಂದ ಬಂದವಳು ಬ್ಯಾಗು ಕೆಳಗಿಡದೆ ಹೊಸ್ತಿಲ ಒಳಗೇ ನಿಂತಳು. ಗೊಂಬೆಗಳ ಸಾಲನ್ನು ನೋಡಿದಳು. ಆಮೇಲೆ ಒಲೆಯನ್ನು ನೋಡಿದಳು.

“ಅಮ್ಮಿ, ಇದನ್ನ ಯಾಕೆ ಒಪ್ಕೊಂಡೆ?”

“ಸ್ಯಾಂಪಲ್ ಬಂದೈತೆ.” ಮುನವ್ವರಾ ಸರಳನ್ನು ಹೊರಳಿಸಿದಳು. “ನೀನು ಪೂರ್ತಿ ನೋಡ್ದೆ ಅಲ್ವಾ, ಆವತ್ತು?”

“ಹೂಂ.”

“ಕೊನೇಲಿ ಅವಳು ಏನಾಗ್ತಾಳೆ?”

ಜಾರಾ ಹೆಗಲ ಬ್ಯಾಗನ್ನು ಇಳಿಸಿ ಗೋಡೆಗೆ ಒರಗಿಸಿದಳು. “ಪುಸ್ತಕದಾಗಿರೋ ಹಂಗೇ,” ಎಂದಳು. “ಮಕ್ಕಳೆಲ್ಲ ಮನೆಗೋಗ್ತಾರೆ. ಅವಳು ಬಾಗ್ಲು ತೆರ್ಕೊಂಡು ಕೂತಿರ್ತಾಳೆ.”

“ಹಂಗೇನಾ?”

“ಹೂಂ ಅಮ್ಮಿ.”

ಬೀದಿಯಲ್ಲಿ ಸ್ಕೂಲು ಬಿಟ್ಟ ಗದ್ದಲ ಕೇಳಿಸಿತು. ಯೂನಿಫಾರಂ ಹುಡುಗರ ಗುಂಪೊಂದು ಓಡಿಬಂದು ಜಗುಲಿಯ ಹತ್ತಿರ ನಿಂತಿತು. ಅವರ ಹಿಂದೆ ಜಾರಾಳ ಕಾಲೇಜಿನ ಹುಡುಗಿಯರೂ ಸೈಕಲ್ ತಳ್ಳಿಕೊಂಡು ಬರುತ್ತಿದ್ದರು. “ಅರಗಮ್ಮ, ಅರಗಮ್ಮ, ಮಖ ತೋರ್ಸು!” ಎಂದು ಒಬ್ಬ ಕೂಗಿದ. ಜಾರಾ ಗಬಕ್ಕನೆ ಬಾಗಿಲಿಗೆ ಕೈ ಹಾಕಿದಳು.

“ತೆರ್ದೇ ಇರ್ಲಿ,” ಎಂದಳು ಮುನವ್ವರಾ. “ಹೊಗೆ ಹೋಗ್ಬೇಕು. ಬಾ, ಇಲ್ಲಿ ಕೂತ್ಕೋ. ಇದನ್ನ ಒಬ್ಬಳೇ ಹಿಡಿಯಾಕಾಗಲ್ಲ.”

ಜಾರಾ ಬಾಗಿಲ ಬೆಳಕಿನಲ್ಲಿ, ತಾಯಿಯ ಪಕ್ಕದಲ್ಲಿ ಕೂತಳು. ಮುನವ್ವರಾ ಮೊದಲ ಗೊಂಬೆಯನ್ನು ಅವಳ ಎರಡೂ ಕೈಗಳಲ್ಲಿಟ್ಟು, ಎಡಗೆನ್ನೆ ಮೇಲೆ ಬರುವಂತೆ ಹೊರಳಿಸಿದಳು.

“ಗಟ್ಟಿಯಾಗಿ ಹಿಡ್ಕೊ. ಅಲುಗಬ್ಯಾಡ.”

ಸರಳು ತಾಗಿತು. ಅರಗು ಚುರ್ರೆಂದು ಗುಳ್ಳೆಯೆದ್ದು, ಅದರ ಕೆಳಗಿನ ಮರ ಕಪ್ಪಾಯಿತು. ಜಾರಾಳ ಬೆರಳುಗಳು ಅಲುಗಲಿಲ್ಲ. ಹೊಗೆಯ ಒಂದು ತೆಳ್ಳನೆಯ ಎಳೆ ಅವರಿಬ್ಬರ ಮುಖಗಳ ನಡುವೆ ಮೇಲೆದ್ದು, ಹೊಸ್ತಿಲು ದಾಟಿ, ಕೂಗುವುದನ್ನು ಮರೆತು ನಿಂತಿದ್ದ ಮಕ್ಕಳ ತಲೆಯ ಮೇಲಿಂದ ಬೀದಿಗೆ ಹೋಯಿತು.