ಬಾಂಡ್ಲಿ ಕೈ ಬದಲಾಯಿಸುವ ಹೊತ್ತು

ಹೆಡ್‌ಫೋನಿನ ಮೆತ್ತೆಯಲ್ಲಿ ಯಾರದೋ ತಲೆಯೆಣ್ಣೆಯ ವಾಸನೆ, ನನಗಿಂತ ಮುಂಚೆ ಹಾಡಿ ಹೋದವರದಿರಬೇಕು, ಗಾಜಿನಾಚೆ ರೆಕಾರ್ಡಿಂಗಿನವನು ತಲೆ ಕೆರೆದುಕೊಳ್ಳುತ್ತಾನೆ, ಮೇಡಂ, ಸಾಲು ಮುಗಿದ ಮೇಲೆಲ್ಲ ಒಂಚೂರು ಖಾಲಿ ಬರ್ತಿದೆ, ಕೊಳಲೋ ಗಿಳಲೋ ತುಂಬೋಣ್ವಾ. ಬೇಡಪ್ಪಾ ಅನ್ನುತ್ತೇನೆ, ಅದು ಖಾಲಿಯಲ್ಲ, ಬಾಂಡ್ಲಿ ಕೈ ಬದಲಾಯಿಸುವ ಹೊತ್ತು ಎಂದು ಇವನಿಗೆ ಹೇಗೆ ಹೇಳಲಿ — ಕಟ್ಟುವ ಮನೆಯ ಸಾರುವೆಯ ಮೇಲೆ ಹಲಗೆಗೊಬ್ಬಳಂತೆ ಹೆಂಗಸರು, ಕಲಸಿದ ಸಿಮೆಂಟಿನ ಬಾಂಡ್ಲಿ ಕೆಳಗಿನ ಕೈಯಿಂದ ಮೇಲಿನ ಕೈಗೆ, ಊರು ಬಿಟ್ಟು ಬಂದ ಅಮ್ಮ ಕಳೆ ಕೀಳುವ ರಾಗವನ್ನೇ ಆ ಕೆಲಸಕ್ಕೆ ಹೊಂದಿಸಿದ್ದಳು, ಉಳಿದ ಒಬ್ಬೊಬ್ಬಳದೂ ಒಂದೊಂದು ಸೀಮೆ, ಒಂದೊಂದು ಭಾಷೆ, ಸರದಿಯಲ್ಲಿ ಒಂದೊಂದು ಸಾಲು, ಸಾಲು ಮುಗಿದಲ್ಲಿ ಎಲ್ಲರೂ ಸುಮ್ಮನೆ, ಭಾರ ಕೈಗೆ ಬರುವಾಗ ಹಾಡುವುದಕ್ಕೆ ಉಸಿರೆಲ್ಲಿ. ಮರಳ ಗುಡ್ಡೆಯ ಮೇಲೆ ಆಡುತ್ತಿದ್ದ ನಾನು ಎಲ್ಲರ ಸಾಲನ್ನೂ ಬಾಯಿಪಾಠ ಮಾಡಿಕೊಂಡೆ, ಇಷ್ಟು ಭಾಷೆ ಎಲ್ಲಿ ಕಲಿತ್ರಿ ಎಂದು ಪೇಪರಿನವರು ಕೇಳುತ್ತಾರೆ, ಮರಳಲ್ಲಿ ಅಂದರೆ ನಗುತ್ತಾರೆ. ತಂಡದ ಜೊತೆ ಊರೂರು ತಿರುಗಿ ಬೇರೆಯವರ ಹಾಡು ಹಾಡಿದ್ದಾಯಿತು, ಇದು ಮೊದಲ ಸಲ ನನ್ನೊಬ್ಬಳದೇ ಹಾಡು, ಒಬ್ಬಳದೇ ಎಲ್ಲಿಂದ ಬಂತು, ಅವರೆಲ್ಲರದು, ಚಿಕ್ಕಮ್ಮನದು — ಅಮ್ಮನ ತಂಗಿ, ಅಮ್ಮನಿಗಿಂತ ಒಂದು ಹಲಗೆ ಮೇಲೆ, ಬಾಯಿ ಜೋರು, ಅಕ್ಕಾ, ಬಾಂಡ್ಲೀಲಿ ಇರೋದು ಸಿಮೆಂಟೋ ಭಾವನ ತಲೇನೋ, ಇಷ್ಟು ಭಾರ, ಕೆಳಗೆ ಅಪ್ಪ ಸಲಿಕೆ ನಿಲ್ಲಿಸಿ ತಲೆ ಮುಟ್ಟಿಕೊಳ್ಳುವನು. ಅವಳು ಬಿದ್ದು ಸತ್ತ ದಿನ ಮೇಸ್ತ್ರಿ ಎಲ್ಲರೆದುರು ಅಂದ, ಹಾಡಿನ ಗುಂಗಲ್ಲಿ ಮೈಮರೆತ್ಲು, ನಾನೇನ್ ಮಾಡ್ಲಿ. ಅವಳ ಕಾಲಡಿಯ ಹಲಗೆಯೆಂದರೆ ಗೆದ್ದಲು ತಿಂದ ಹಳೇ ಬಾಗಿಲು, ಎರಡು ತುಂಡಾಗಿ ನನ್ನ ಮುಂದೆಯೇ ಬಿದ್ದಿತ್ತು, ಮಕ್ಕಳ ಮಾತು ಯಾರಿಗೆ ಬೇಕು. ಅಂದಿನಿಂದ ಅಮ್ಮನ ಬಾಯಿಗೆ ಬೀಗ, ತಮ್ಮನ ತೊಟ್ಟಿಲು ತೂಗುವಾಗಲೂ ಬರೀ ಹಗ್ಗದ ಸದ್ದು, ಹಾಡು ಎತ್ತಿಕೊಟ್ಟವಳು ತಾನೇ ಎಂದು ಕೊರಗುತ್ತಾಳೆ, ಮೇಸ್ತ್ರಿಯ ಮಾತು ನಂಬಿದ್ದಾಳೆ, ಹಾಗೆಂದೇ ನಾನು ತಿಳಿದದ್ದು. ಅದಕ್ಕೇ ಕೊನೆಗೆ, ಅಮ್ಮನ ಸಾಲಾದ ಮೇಲೆ, ಚಿಕ್ಕಮ್ಮನ ಜಾಗದಲ್ಲಿ ಹಲಗೆಯದೊಂದು ಸಾಲು ನಾನೇ ಕಟ್ಟಿ ಸೇರಿಸಿದ್ದೇನೆ, ಕೊಂದದ್ದು ಹಾಡಲ್ಲ ಎಂದು ಲೋಕ ಕೇಳಲಿ, ಅಮ್ಮನೂ ಕೇಳಲಿ. ಬೆಳಿಗ್ಗೆ ಹೊರಡುವಾಗ ಹೇಳಿದೆ, ಸೊಪ್ಪು ಸೋಸುತ್ತ ಕೂತಿದ್ದಳು, ಹಾಡಿಗೇನು ಬರ ಬಂತೇನೇ, ಬೇರೆ ಹಾಡ್ಕೋ, ಅದೊಂದು ಬೇಡ. ಹಲಗೆ ಗೆದ್ದಲು ತಿಂದು ಲಡ್ಡಾಗಿತ್ತಮ್ಮ, ನಾನೇ ನೋಡಿದೀನಿ. ಗೊತ್ತು ಕಣೇ, ಮೇಸ್ತ್ರಿ ಸುಳ್ಳ ಅಂತ ಆವತ್ತೇ ಗೊತ್ತು. ಮತ್ತೆ ಇಷ್ಟು ವರ್ಷ ಯಾಕಮ್ಮ ಹಾಡ್ಲಿಲ್ಲ. ಸೊಪ್ಪಿನ ಮೇಲೆ ಅವಳ ಕೈ ನಿಂತವು, ಆವತ್ತು ನನ್ನ ಸಾಲು ಮುಗಿಸಿ ಬಾಂಡ್ಲಿ ಎತ್ತಿ ಹಿಡಿದೆ ಕಣೇ, ಮೇಲೆ ತಗೊಳ್ಳೋಳು ಇರ್ಲಿಲ್ಲ, ಆ ಹಾಡು ಅಲ್ಲಿಗೆ ಬಂದ್ರೆ ಈಗ್ಲೂ ಕೈ ತಾವಾಗೇ ಮೇಲೇಳ್ತವೆ, ಇಳಿಸೋಕೆ ಬರಲ್ಲ. ಅವಳಿಗೆಂದು ತಂದ ಸತ್ಯ ಅವಳ ಮಡಿಲಲ್ಲೇ ಇತ್ತು, ಇನ್ನು ಇದನ್ನು ಯಾರಿಗೆ ಹಾಡಲಿ, ಹಾಡದಿದ್ದರೆ ಮೇಸ್ತ್ರಿಯ ಮಾತೇ ಉಳಿಯುತ್ತದೆ, ಹಾಡಿದರೆ ಅವಳ ಕೈ — ತಗೊಳ್ಳಿ ಮೇಡಂ ಅನ್ನುತ್ತಾನೆ ಗಾಜಿನಾಚೆಯವನು, ತಂಬೂರಿ ಕಿವಿಗೆ ಬರುತ್ತದೆ, ಒಬ್ಬೊಬ್ಬಳ ಸಾಲು, ಬಿಡುವು, ಒಬ್ಬೊಬ್ಬಳ ಸಾಲು, ಬಿಡುವು, ಈಗ ಅಮ್ಮನ ಸಾಲು, ಹಾಡಿದೆ, ಮುಗಿಯಿತು, ಮುಂದಿನದು ಹಲಗೆಯದು, ಬಾಯಿ ತೆರೆದಿದ್ದೇನೆ, ಅಮ್ಮನ ಎರಡು ಕೈ, ಮೇಡಂ ಮುಂದಿನ ಸಾಲು, ಎರಡು ಕೈ, ತುಂಬಿದ ಬಾಂಡ್ಲಿ ಎತ್ತಿ ಹಿಡಿದು, ತಗೊಳ್ಳುವವಳಿಗೆ ಕಾಯುತ್ತ