ಮುಚ್ಚಳ ಹಾಕುವ ನಾಯಿ

ಊಟ ಬಲ್ಲ ನಾಯಿಗೆ ರೋಗವಿಲ್ಲ, ಮಾತು ಬಲ್ಲ ಗಂಡನಿಗೆ ಜಗಳ ತಪ್ಪಿದ್ದಲ್ಲ. ಗಾದೆ ಹೀಗಲ್ಲ ಎಂದು ಮೂಗು ಮುರಿಯಬೇಡಿ. ಗಾದೆ ಸುಳ್ಳಾದರೂ ಈ ಕತೆ ಸುಳ್ಳಲ್ಲ.

ಟೈಲರಮ್ಮನಿಗೆ ಸಾಕುಸಾಕಾಗಿತ್ತು. ಅವಳ ಮುದಿನಾಯಿ ದೊರೆ, ಚರ್ಮದ ಅಲರ್ಜಿಯಿಂದ ರಕ್ತ ಬರುವಷ್ಟು ಮೈ ಕೆರೆದುಕೊಳ್ಳುತ್ತಿತ್ತು. ಡಾಕ್ಟರು ಸ್ಟೀರಾಯ್ಡ್ ಮಾತ್ರೆ ಕೊಟ್ಟ ಮೇಲೆ ಬೋಳು ಬೆನ್ನಿಗೆ ಹೊಸ ಕೂದಲು, ಕಣ್ತುಂಬ ನಿದ್ದೆ. ಆದರೆ ಕೆರೆತ ಹೋಗಿ ಕೆರೆ ಬಂತು! ದೊರೆ ಬಕೆಟ್ಟುಗಟ್ಟಲೆ ನೀರು ಕುಡಿದು ಹೊಲಿಗೆ ಮೆಷಿನ್ನಿನ ಕಾಲಡಿಯೇ ಹುಯ್ಯುತ್ತಿತ್ತು. ಒಮ್ಮೆ ಗಿರಾಕಿಯ ಕೋಟಿನ ಅಸ್ತರಿನ ಮೇಲೂ. ಅದನ್ನೂ ಒಗೆದು, ಇಸ್ತ್ರಿ ಮಾಡಿ, ಹಲ್ಲು ಕಚ್ಚಿಕೊಂಡಳು. ತಡೆಯಲಾಗದ್ದು ಕಳ್ಳತನ. ಬೆಳಗ್ಗೆ ಡಬ್ಬದ ತುಂಬ ಇಟ್ಟ ಬಿಸ್ಕತ್ತು ಮಧ್ಯಾಹ್ನಕ್ಕೇ ಖಾಲಿ.

"ಮಾತ್ರೆ ತರೋ ಹಸಿವು ಕಣೇ, ಪಾಪ," ಎಂದ ಪೋಸ್ಟ್‌ಮ್ಯಾನ್ ಗಂಡ. ಹೊಟ್ಟೆ ಕರಗಿಸುವ ಶಪಥ ಮಾಡಿ ಸೌತೆಕಾಯಿ ಕಡಿಯುತ್ತಿದ್ದವನು ನಾಯಿಯ ಪರ ವಕಾಲತ್ತಿಗಿಳಿದು ಅದರ ದನಿಯಲ್ಲೇ ಕುಂಯ್‌ಗುಟ್ಟಿದ: "ಅಮ್ಮಾ, ತಪ್ಪಾಯ್ತು, ಹೊಟ್ಟೆ ಕೇಳಲ್ಲಮ್ಮಾ!"

"ಸಾಕ್ರೀ ನಿಮ್ಮ ನಾಟಕ! ಇವತ್ತಿಂದ ಮಾತ್ರೆ ಬಂದ್."

ಹಾಗೆಂದಳೇ ಹೊರತು, ದೊರೆಯ ಬೆನ್ನಿನ ಹೊಸ ಕೂದಲು ಸವರಿದಾಗ ಮಾತ್ರೆ ನಿಲ್ಲಿಸಲು ಮನಸ್ಸಾಗಲಿಲ್ಲ. ಡಾಕ್ಟರಿಗೆ ಫೋನ್ ಹಚ್ಚಿದಳು.

"ದಿಢೀರ್ ಅಂತ ನಿಲ್ಲಿಸ್ಬೇಡಿ ತಾಯಿ, ಅಪಾಯ," ಎಂದರು ಡಾಕ್ಟರು. "ಬೇಕಾದ್ರೆ ಸ್ವಲ್ಪಸ್ವಲ್ಪವಾಗಿ ಇಳಿಸೋಣ. ಬಾಯಾರಿಕೆ, ಉಚ್ಚೆ, ಹಸಿವು ಕಮ್ಮಿಯಾಗುತ್ತೆ. ಆದ್ರೆ ತುರಿಕೆ ವಾಪಸ್ ಬಂದ್ರೂ ಬರಬಹುದು. ಯಾವುದನ್ನ ತಡ್ಕೊಳ್ಳೋಕೆ ಆಗ್ತಿಲ್ಲ ಹೇಳಿ."

"ಬಿಸ್ಕತ್ತಿನ ಡಬ್ಬ ಖಾಲಿ ಮಾಡುತ್ತೆ ಡಾಕ್ಟ್ರೇ!"

"ಹೇಗೆ ತೆಗೆಯುತ್ತೆ?"

"ಮುಚ್ಚಳ ತಿರುಗ್ಸಿ..."

"ತಿಂದ ಮೇಲೆ?"

"ಮತ್ತೆ ತಿರುಗ್ಸಿ ಮುಚ್ಚಿ..." ಎನ್ನುತ್ತಲೇ ಅವಳ ಕಣ್ಣು ಗಂಡನ ಸೌತೆಕಾಯಿ ತಟ್ಟೆಯತ್ತ ಹೊರಳಿತು.

ಡಾಕ್ಟರು ಕೆಮ್ಮಿದರು. "ಇಂಥ ಅಡ್ಡಪರಿಣಾಮ ನಾನು ಯಾವ ಪುಸ್ತಕದಲ್ಲೂ ಓದಿಲ್ಲಮ್ಮ."

ಸಂಜೆ ಊಟಕ್ಕೆ ಕೂತಾಗ ಅವಳು ಡಾಕ್ಟರಂತೆಯೇ ಕೆಮ್ಮಿದಳು. "ರೀ, ಮಾತ್ರೆ ದಿಢೀರ್ ಅಂತ ನಿಲ್ಲಿಸಬಾರದಂತೆ, ಸ್ವಲ್ಪಸ್ವಲ್ಪ ಇಳಿಸ್ಬೇಕಂತೆ. ದೊರೆ ಅದನ್ನ ಉಗುಳ್ತಿತ್ತಲ್ಲ? ಅದಕ್ಕೇ ಬೆಳಗ್ಗೆ ಪುಡಿ ಮಾಡಿ ಡಬ್ಬದ ಬಿಸ್ಕತ್ತಿಗೆಲ್ಲ ಸವರಿಟ್ಟಿದ್ದೆ. ಕಳ್ಳ ಅಷ್ಟನ್ನೂ ಒಂದೇ ಸಲ ಮುಗಿಸಿದಾನೆ!"

ಗಂಡನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಎ... ಎಷ್ಟು ಮಾತ್ರೆ?"

"ಇದ್ದಬದ್ದದ್ದೆಲ್ಲ."

ಅವನು ಗಟಗಟನೆ ಒಂದು ಲೋಟ ನೀರು ಕುಡಿದ. ಇನ್ನೊಂದು ಕುಡಿದ. ಬಚ್ಚಲಿಗೆ ಓಡಿದ. ಬಂದು ಏದುಸಿರು ಬಿಟ್ಟ. "ಏನೇ, ನಂಗ್ಯಾಕೆ ಇಷ್ಟೊಂದು ಹಸಿವು?"

"ದಿನಾ ಸೌತೆಕಾಯಿ ತಿಂದ್ರೆ ಇನ್ನೇನಾಗುತ್ತೆ?"

"ಅಯ್ಯೋ, ಬಿಸ್ಕತ್ತು ತಿಂದಿದ್ದು ನಾನೇ ಕಣೇ! ದಿನಾ ನಾನೇ! ಡಾಕ್ಟ್ರನ್ನ ಕೇಳೇ, ನಾನು ದಿಢೀರ್ ಅಂತ ನಿಲ್ಲಿಸಬಹುದಾ, ಸ್ವಲ್ಪಸ್ವಲ್ಪ ಇಳಿಸ್ಬೇಕಾ?"

ಅವಳು ಮಾತ್ರೆಯ ಪಟ್ಟಿಯನ್ನು ಮೇಜಿಗೆ ಕುಕ್ಕಿದಳು. "ನೋಡಿ, ಒಂದೂ ಪುಡಿಯಾಗಿಲ್ಲ. ನೀವು ತಿಂದಿದ್ದು ಬರೀ ಬಿಸ್ಕತ್ತು. ನಿಮ್ಮ ಬಾಯಿಚಪಲಕ್ಕೆ ಆ ಮೂಕಪ್ರಾಣಿ ಮತ್ತೆ ಕೆರ್ಕೊಂಡು ಸಾಯ್ಬೇಕಿತ್ತಾ?"

ಪೋಸ್ಟ್‌ಮ್ಯಾನ್ ದೊರೆಯ ಮುಂದೆ ಮಂಡಿಯೂರಿ, ಅಂದಿನ ಮಾತ್ರೆಯನ್ನು ಬೆಣ್ಣೆಯಲ್ಲಿ ಹುದುಗಿಸಿ ತಾನೇ ಅದರ ಬಾಯಿಗಿಟ್ಟ. ಅದು ನುಂಗಿ, ಇನ್ನೂ ಬೇಕೆಂದು ನಾಲಿಗೆ ಚಾಚಿ ಏದುಸಿರು ಬಿಟ್ಟಿತು. ಥೇಟ್ ಇವನ ಹಾಗೆಯೇ! ಅಷ್ಟು ಹೊತ್ತು ಸಿಡುಕುತ್ತಿದ್ದ ಟೈಲರಮ್ಮ ಕಿಸಕ್ಕೆಂದಳು. ಆದರೆ ಮೆಷಿನ್ನಿನ ಮೇಲಿದ್ದ ಕತ್ತರಿ ನಡುಗುವಂತೆ, ನೆಲಕ್ಕೆ ಕುಸಿದು ಹೊಟ್ಟೆ ಹಿಡಿದುಕೊಂಡು ನಕ್ಕವನು ಅವನೇ.